ಕಾಲರ್ ಮೈಕು

ಫೆಬ್ರವರಿ. ದಡದಂಚಿಗೆ ಹೆಪ್ಪುಗಟ್ಟಿದ ಮಿಶಿಗನ್ ಸರೋವರ
ಹಲ್ಲು ಕಡಿಯುತ್ತಿದೆ ನಿದ್ದೆಯಲ್ಲಿ.
ಬಿಸಿನೆಸ್ ಸ್ಕೂಲಿನ ಮೂರನೇ ಮಹಡಿ,
ಡಿಜಿಟಲ್ ಮಾಧ್ಯಮದ ಸಮ್ಮೇಳನ.
ನಾನು ದೊಡ್ಡವರ ಕಾಲರಿಗೆ ಮೈಕು ಸಿಕ್ಕಿಸುವವನು.
ಹೆಸರು ಒರೆಸ್ಟ್. ಕೇಳಿದವರು ಕಡಿಮೆ.

ಹತ್ತೊಂಬತ್ತು ವರ್ಷದ ಕಸುಬು ಕಲಿಸಿದ್ದು ಇಷ್ಟು:
ಬೆರಳು ಬೆಚ್ಚಗಿರಬೇಕು, ಬಾಯಲ್ಲಿ ಪೆಪ್ಪರ್‌ಮಿಂಟ್,
ಕಣ್ಣು ಗುಂಡಿಯ ಮೇಲೆ.
ಹೆಂಡತಿಯೂ ಕೇಳದೆ ಬಾರದಷ್ಟು ಹತ್ತಿರ ಬಂದು
ಅರೆನಿಮಿಷ ನಿಂತು
ಯಾರೂ ಅಲ್ಲದವನಾಗಿ ಸರಿದುಬಿಡಬೇಕು.

ಮೊದಲು ಪೆಟ್ಟಿಗ್ರೂ ಸಾಹೇಬರು, ಜಾಹೀರಾತಿನವರು.
ಕಾಲರೇ ಇಲ್ಲದ ಅಂಗಿ!
ನೋಡಿದರೆ ಬನಿಯನ್ನು, ಬೆಲೆ ಕೇಳಿದರೆ ನನ್ನ ಮನೆಬಾಡಿಗೆ.
ಕೊರಳಪಟ್ಟಿಗೇ ಕಚ್ಚಿಸಿದೆ.
"ಓದುಗ ಅನ್ನಬೇಡಿ," ಅಂದರು ವೇದಿಕೆಯಿಂದ,
"ನೋಟ ಅನ್ನಿ. ಓದುಗ ಕೈಗೆ ಸಿಗುವುದಿಲ್ಲ,
ನೋಟವನ್ನು ಎಣಿಸಬಹುದು."
ಸಭೆ ನಕ್ಕಿತು. ನನ್ನ ಇಯರ್‌ಫೋನಿನಲ್ಲಿ ಮಾತ್ರ
ಅವರ ಹೊಟ್ಟೆ ಗುರ್ ಅಂದಿತು. ಪಾಪ, ಬೆಳಗಿನಿಂದ ಉಪವಾಸ.

ಆಮೇಲೆ ಆಖ್ಟರ್‌ಬರ್ಗ್ ಅನ್ನುವ ಇನ್ನೊಬ್ಬರು.
ನಾಲ್ಕು ಸೆಕೆಂಡು, ನಾಲ್ಕೇ ಸೆಕೆಂಡು ಸಿಗುತ್ತದೆ ನಮಗೆ,
ಅಷ್ಟರೊಳಗೆ ಹಿಡಿಯದಿದ್ದರೆ ಮನುಷ್ಯ ಹೋದ, ಎಂದು
ನಲವತ್ತು ನಿಮಿಷ ಹೇಳಿದರು.

ಮೂರನೆಯವರು ಮಾರ್ಗಿಟ್ ಹಾಲ್ವರ್ಸನ್.
ಹನ್ನೊಂದು ಊರಿನ ಪತ್ರಿಕೆಗಳನ್ನು ಕೊಂಡು
ಒಂದೇ ಪರದೆಯಲ್ಲಿ ಮಡಚಿಟ್ಟ ಕಂಪನಿಯ ಒಡತಿ.
ಮೈಕು ಹಾಕಿಸಿಕೊಂಡು "ನಿಮ್ಮ ಕೈ ಬೆಚ್ಚಗಿದೆ" ಅಂದರು.
ಹೆಸರು ಕೇಳಿದರು. ಹೇಳಿದೆ.
ಸ್ವಿಚ್ಚು ಆರಿಸುವುದನ್ನು ಇಬ್ಬರೂ ಮರೆತೆವು.

ಸಭೆಗೆ ಹೋಗುವ ಗುಂಡಿಯನ್ನು ನಾನು ಇಳಿಸಿಟ್ಟಿದ್ದೆ.
ನನ್ನ ಕಿವಿಗೆ ಮಾತ್ರ ಬಂತು:
ಬಾಗಿಲು, ಚಿಲಕ, ನಲ್ಲಿ,
ನಲ್ಲಿ ನಿಂತ ಮೇಲೆ ಕನ್ನಡಿಯೆದುರಿನ ದನಿ:

ನಮಗೆ ಗೊತ್ತಿಲ್ಲ.
ನಮಗೂ ಗೊತ್ತಿಲ್ಲ.
ನೋಡಿ, ನಮಗೇ ಗೊತ್ತಿಲ್ಲ.
ಒಂದು ಉಸಿರು.
ಗೊತ್ತಿಲ್ಲ ನಮಗೆ.

ಎಷ್ಟು ಸಲ! ಎಣಿಸಿದೆ, ಹದಿಮೂರು.
ಪ್ರತಿ ಸಲವೂ ಭಾರ ಬೇರೊಂದು ಅಕ್ಷರದ ಮೇಲೆ,
ಹೊಸ ಚಪ್ಪಲಿ ಮೆಟ್ಟಿ ಅಂಗಡಿಯೊಳಗೇ
ಆಚೆ ನಾಲ್ಕು ಹೆಜ್ಜೆ, ಈಚೆ ನಾಲ್ಕು ಹೆಜ್ಜೆ
ನಡೆದು ನೋಡುವವರ ಹಾಗೆ.
ಕೊನೆಯದು ಸರಿಯಾಗಿ ಕೂತಿತು. ನನಗೆ ತಿಳಿಯಿತು.
ನಾನೇ ಹೇಳಿದಷ್ಟು ಹಗುರಾದೆ.

ವೇದಿಕೆ. ಬೆಳಕು. ಚಾರ್ಟು ಏರುತ್ತಾ ಹೋಯಿತು.
ಹಿಂದಿನ ಸಾಲಿನಿಂದ ಎದ್ದ ಹುಡುಗಿ,
ನೀಲಿ ಉಣ್ಣೆಟೋಪಿ ಇನ್ನೂ ತಲೆಯ ಮೇಲೆ:
"ಪತ್ರಿಕೆ ಮುಚ್ಚಿದ ಮೇಲೆ ನಮ್ಮೂರಲ್ಲಿ
ಯಾರು ಸತ್ತರು ಅನ್ನುವುದೂ ತಿಳಿಯುವುದಿಲ್ಲ.
ಮುಂದೆ ಏನಾಗುತ್ತದೆ, ಮೇಡಂ?"

ನಾನು ದನಿಯನ್ನು ಒಂದು ಗೆರೆ ಏರಿಸಿದೆ.
ಮೆಲ್ಲಗೆ ಹೇಳಬಹುದಾದ ಮಾತು, ಕಳೆದುಹೋಗಬಾರದು.
ಮಾರ್ಗಿಟ್ ಬಾಯಿ ತೆರೆದರು.
ಇಯರ್‌ಫೋನಿನಲ್ಲಿ ನಾಲಗೆ ಅಂಗುಳ ಬಿಟ್ಟ ಸದ್ದು.
ಉಗುಳು ನುಂಗಿದರು.
"ಬಹಳ ಒಳ್ಳೆಯ ಪ್ರಶ್ನೆ," ಅಂದರು,
ಮುಂದಿನ ಚಿತ್ರಕ್ಕೆ ಹೋದರು.

ಚಪ್ಪಾಳೆ. ಕಾಫಿ. ಕೈಗೆ ಮೈಕು ಕೊಡುವಾಗ
ನನ್ನ ಮುಖ ನೋಡಲಿಲ್ಲ. ನಾನೂ ಗುಂಡಿ ನೋಡಿದೆ.
ವೈರು ಸುತ್ತಿದೆ.
ಧ್ವನಿಯ ಕಡತದ ತಲೆಬಾಲ ಕತ್ತರಿಸಿ
ಶುದ್ಧ ಮಾಡಿ ಕೊಡುವುದು ನನ್ನ ಕೆಲಸ. ಕತ್ತರಿಸಿದೆ.
ಹದಿಮೂರೂ ಹೋದವು.

ರಾತ್ರಿ ಬೀಟ್‌ರೂಟ್ ಸಾರು ಬಡಿಸುತ್ತಾ ಹಾಲಿನಾ ಕೇಳಿದಳು,
"ಅಷ್ಟು ದೊಡ್ಡವರೆಲ್ಲ ಬಂದಿದ್ದರಲ್ಲ,
ಮುಂದೆ ಏನಾಗುತ್ತದಂತೆ?"
ಚಮಚ ಕೆಳಗಿಟ್ಟು,
ಭಾರ ಎಲ್ಲಿಡಬೇಕೋ ಅಲ್ಲೇ ಇಟ್ಟು ಹೇಳಿದೆ,
"ನಮಗೇ ಗೊತ್ತಿಲ್ಲ."

"ಕಿವಿಗೆ ಅದನ್ನು ಸಿಕ್ಕಿಸಿಕೊಂಡು ದಿನವಿಡೀ ಕೂತಿರುತ್ತೀಯ,"
ಬ್ರೆಡ್ಡು ಮುರಿದಳು,
"ಒಂದು ದಿನವಾದರೂ
ಅವರು ಹೇಳುವುದನ್ನು ಕೇಳಿಸಿಕೊಳ್ಳಬಾರದೇ?"